ಪುಡಿ ಹಾಕದ ಮೂರು ಬಾಟಲಿ

ಹಿಲ್ಯಾಳ ಓದು ಎಂಟನೇ ತರಗತಿಗೇ ನಿಂತಿತ್ತು, ಮೂಗು ಮಾತ್ರ ಡಿಗ್ರಿ ಮುಗಿಸಿತ್ತು. ಊರಿನ ಕೊಳಚೆ ನೀರು ಶುದ್ಧಿ ಮಾಡುವ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ಅವಳು. ಕೊನೆಯ ತೊಟ್ಟಿಯ ಪಕ್ಕ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಕ್ಲೋರಿನ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿಬಿಡುತ್ತಿದ್ದಳು. ಮೇಲಧಿಕಾರಿ ನಕಾಲೆ, ಅಪ್ಪನೆಂಬ ಮರ್ಯಾದೆಗೆ ಎಲ್ಲರ ಬಾಯಲ್ಲಿ ತಾತೆ ನಕಾಲೆ, ಯಂತ್ರದ ಮುಳ್ಳು ನೋಡುವ ಮೊದಲು ಅವಳ ಮುಖ ನೋಡುತ್ತಿದ್ದ. ದೂರದ ವಾಲ್ವಿಸ್ ಬೇ ಬಂದರಿನಲ್ಲಿ ಮೀನಿನ ಹಡಗು ಹತ್ತಿದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಸುದ್ದಿ ಬಂದ ದಿನವೂ ಅವಳು ರಜೆ ಹಾಕಲಿಲ್ಲ. ಮನೆಯಲ್ಲಿ ಸಿಗದ ಮರ್ಯಾದೆ ತೊಟ್ಟಿಯ ಪಕ್ಕ ಸಿಗುತ್ತಿತ್ತು. ಅವಳ ಆಸ್ತಿ ಎಂದರೆ ಅದೊಂದೇ.

ಔನೆ ಅಲ್ಲಿಗೆ ಬಂದದ್ದು ನೆಲ ಒರೆಸಲು. ಚುರುಕು ಹುಡುಗಿ, ಕೆಲಸ ಮುಗಿದರೂ ಮನೆಗೆ ಹೋಗದೆ, ಮೇಮೆ, ಅಂದರೆ ಅಮ್ಮ, ಎನ್ನುತ್ತಾ ಹಿಲ್ಯಾಳ ಹಿಂದೆ ಸುತ್ತುತ್ತಿದ್ದಳು. ನೀರಿಗೆ ಮಾತ್ರೆ ಹಾಕಿ, ಏಳುವ ಗುಲಾಬಿ ಬಣ್ಣ ನೋಡಿ ಕ್ಲೋರಿನ್ ಅಳೆಯುವುದು, ಗಾಳಿಗುಳ್ಳೆ ಉಳಿಯದ ಹಾಗೆ ಬಾಟಲಿ ತುಂಬುವುದು, ಎಲ್ಲ ಹಿಲ್ಯಾಳೇ ಕಲಿಸಿದ್ದು. ನನ್ನ ಕೈಯಲ್ಲಿ ಬೆಳೆದ ಹುಡುಗಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಅವಳೇ. ಆ ಹುಡುಗಿ ಕಾಲೇಜು ಸೇರಿ, ನಾಲ್ಕು ವರ್ಷ ಕಳೆದು, ಕ್ಲೋರಿನ್ ಎಷ್ಟು ಹಾಕಬೇಕೆಂದು ಅಪ್ಪಣೆ ಕೊಡುವ ಕುರ್ಚಿಯಲ್ಲಿ ಬಂದು ಕೂತಾಗ ಹಿಲ್ಯಾಳ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು.

ಮೊದಮೊದಲು ನುಂಗಿಕೊಂಡಳು. ಆದರೆ ತಾತೆ ನಕಾಲೆಯ ಮಗಳ ಮದುವೆಯಲ್ಲಿ ದೊಡ್ಡ ಅತಿಥಿಗೆ ಮಾಡುವ ಹಾಗೆ ಔನೆಯ ಹೆಸರಿನಲ್ಲೇ ಒಂದು ಕೋಳಿ ಕೊಯ್ದು ಬೇಯಿಸಿ, ಇಡಿಯಾಗಿ ಅವಳ ಮುಂದಿಟ್ಟರು. ಹಿಲ್ಯಾಗೆ ಸಿಕ್ಕಿದ್ದು ಸಜ್ಜೆ ಮುದ್ದೆ ತಿರುವುವ ಹೆಂಗಸರ ಸಾಲು, ಒಂದು ಬಟ್ಟಲು ಸೊಪ್ಪು. ಪಕ್ಕದವಳು ಬೇರೆ, ನಿಮ್ಮ ಶಿಷ್ಯೆ ಎಷ್ಟು ಮೇಲೆ ಹೋದಳಲ್ಲ ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದಳು. ಹಿಲ್ಯಾ ನಕ್ಕಳು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಅವಳಿಗೆ ನಿಜವಾಗಿ ಹೊಟ್ಟೆಯೇ ಉರಿಯುತ್ತಿತ್ತು.

ಔನೆ ಕೇಂದ್ರದಲ್ಲಿ ಒಂದು ಹೊಸ ಕ್ರಮ ತಂದಳು. ಮೊದಲೆಲ್ಲ ಕ್ಲೋರಿನ್ ಬೀಳುತ್ತಿದ್ದದ್ದು ಕೊಳೆ ಇನ್ನೂ ಪೂರ್ತಿ ಹೋಗದ ನೀರಿಗೆ. ರೋಗಾಣು ಸಾಯುತ್ತಿದ್ದವು ನಿಜ, ಆದರೆ ಕ್ಲೋರಿನ್ ಆ ಕೊಳೆಯ ಜೊತೆ ಕೂಡಿ ಬೇರೆ ವಿಷಗಳನ್ನು ಹುಟ್ಟಿಸುತ್ತಿತ್ತು. ವರ್ಷಗಟ್ಟಲೆ ಮೈಗೆ ಸೇರಿದರೆ ಕ್ಯಾನ್ಸರ್ ತರಬಹುದಾದಂಥವು. ಮೊದಲು ಮರಳಿನಲ್ಲಿ ಸೋಸೋಣ, ಆಮೇಲೆ ಕ್ಲೋರಿನ್ ಹಾಕೋಣ ಎಂದಳು ಔನೆ. ಆ ನೀರು ಹೋಗುವುದು ಹೆಂಗಸರ ಟೊಮೆಟೊ ತೋಟಗಳಿಗೆ, ದನಗಳ ಬಾಯಿಗೆ. ವಿಷ ಕಡಿಮೆಯಾಗಿದೆ ಎಂದು ರಾಜಧಾನಿ ವಿಂಡ್‌ಹುಕ್‌ನ ಪ್ರಯೋಗಾಲಯ ಹೇಳಿದರೆ ಅವಳು ಗೆದ್ದಂತೆ.

ಮೂರು ಬಾಟಲಿ ತುಂಬುವ ಕೆಲಸ ಹಿಲ್ಯಾಳದು. ನೀರಿಗಿಂತ ಮೊದಲು ಬಾಟಲಿಗೆ ಒಂದೊಂದು ಚಿಟಿಕೆ ಬಿಳಿ ಪುಡಿ ಬೀಳಬೇಕು. ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಅದು ಅಲ್ಲೇ ಸಾಯಿಸುತ್ತದೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬಾಟಲಿಯೊಳಗೇ ಕೆಲಸ ಮುಂದುವರಿಸಿ, ತೊಟ್ಟಿಯಲ್ಲಿ ಇಲ್ಲದ ವಿಷವನ್ನು ಹುಟ್ಟಿಸುತ್ತದೆ. ಹಿಲ್ಯಾ ಪುಡಿಯ ಡಬ್ಬಿ ತೆರೆದಳು, ಒಂದು ಗಳಿಗೆ ನೋಡಿದಳು, ಮುಚ್ಚಿಟ್ಟಳು. ಬರೀ ನೀರು ತುಂಬಿ ಬಸ್ಸಿಗೆ ಹಾಕಿಸಿದಳು.

ಎರಡು ವಾರಕ್ಕೆ ಉತ್ತರ ಬಂತು. ವಿಷ ಮಿತಿಯ ಮೂರು ಪಟ್ಟು. ತಾತೆ ನಕಾಲೆ ಓದಿ ಹೇಳುವಾಗ ಹಿಲ್ಯಾಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಔನೆಯ ಮುಖ ಬಾಡಿತ್ತು. ಬಾಟಲಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಅವಳು ಜಗಳ ತೆಗೆಯಲಿ ಎಂದೇ ಹಿಲ್ಯಾ ಕಾದಳು, ನಾಲಗೆ ಮಸೆದುಕೊಂಡು ಕೂತಿದ್ದಳು. ಮತ್ತೊಮ್ಮೆ ಕಳಿಸಿ ನೋಡೋಣವೇ ಎಂದು ನಕಾಲೆ ಕೇಳಿದ.

"ಬೇಡ ತಾತೆ," ಎಂದಳು ಔನೆ. "ಬಾಟಲಿ ತುಂಬಿದ್ದು ಹಿಲ್ಯಾ ಮೇಮೆ. ಅವರ ಕೈ ತಪ್ಪೋದಿಲ್ಲ. ತಪ್ಪಿದ್ದು ನಂದೇ."

ವಿಷ ತಗ್ಗಲೆಂದು ಸೋಮವಾರದಿಂದ ಕ್ಲೋರಿನ್ ಅರ್ಧಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಹಿಲ್ಯಾ ಎದ್ದು ಹೊರಗೆ ಬಂದಳು. ಇಷ್ಟು ವರ್ಷ ಯಾರ ಬಾಯಿಂದಲಾದರೂ ಕೇಳಬೇಕೆಂದು ಹಂಬಲಿಸಿದ ಮಾತು ಬಂದೇ ಬಂದಿತ್ತು, ಅದೂ ಕೈ ಮೈಲಿಗೆಯಾದ ಮೇಲೆ.

ಭಾನುವಾರ ಮೋಡ ಕಟ್ಟಿತು. ಕಾಲರಾ ಬಂದ ವರ್ಷವೂ ಹೀಗೇ ಮೊದಲ ಮಳೆಗೆ ತಗ್ಗುಗಳೆಲ್ಲ ತುಂಬಿ, ಹೊಲಸು ಹರಿದು, ಅವಳ ತಂಗಿಯ ಎರಡು ಮಕ್ಕಳು ಒಂದೇ ವಾರದಲ್ಲಿ ಹೋಗಿದ್ದವು. ಅರ್ಧ ಕ್ಲೋರಿನ್ನಿನ ನೀರು ತೋಟಕ್ಕೆ ಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಔನೆ ಕ್ಲೋರಿನ್ ತಿರುಪಿಗೆ ಕೈ ಹಾಕಿದ್ದಳು. ಪಕ್ಕದಲ್ಲಿ ನಕಾಲೆ ನಿಂತಿದ್ದ.

"ಮುಟ್ಬೇಡ," ಎಂದಳು ಹಿಲ್ಯಾ. "ಬಾಟಲಿಗೆ ಪುಡಿ ಬಿದ್ದಿರ್ಲಿಲ್ಲ."

ಔನೆಗೆ ಹೋದ ಜೀವ ಬಂದಂತಾಯಿತು. ಹತ್ತಿರ ಬಂದು ಹಿಲ್ಯಾಳ ತೋಳು ಹಿಡಿದಳು. "ಅಷ್ಟೇನಾ ಮೇಮೆ? ಮರ್ತಿದ್ದೀರಿ, ಅಷ್ಟೇ. ವಯಸ್ಸಾಗ್ತಾ ಯಾರಿಗಾದ್ರೂ ಆಗುತ್ತೆ."

ತಪ್ಪಿಸಿಕೊಳ್ಳಲು ಬಾಗಿಲು ಅಗಲವಾಗಿ ತೆರೆದಿತ್ತು. ಹೂಂ ಎಂದಿದ್ದರೆ ಕೆಲಸ ಉಳಿಯುತ್ತಿತ್ತು, ಮಾನವೂ ಮುಕ್ಕಾಲು ಉಳಿಯುತ್ತಿತ್ತು. ಆದರೆ ಮರೆಗುಳಿ ಮುದುಕಿ ಎಂದು ಈ ಹುಡುಗಿಯ ಕನಿಕರಕ್ಕೆ ಬೀಳುವುದೇ? ಹಿಲ್ಯಾ ತೋಳು ಕೊಡವಿಕೊಂಡಳು.

"ನಾನು ಮರೆಯೋಳಲ್ಲ. ಬೇಕಂತ್ಲೇ ಹಾಕ್ಲಿಲ್ಲ. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ನೀನು ಸೋಲ್ಬೇಕಿತ್ತು."

ನಕಾಲೆ ಅಂದೇ ಹಿಲ್ಯಾಳನ್ನು ತೊಟ್ಟಿಯಿಂದ ಬಿಡಿಸಿ ಗೇಟು ಕಾಯಲು ಹಾಕಿದ. ಪೂರ್ತಿ ಮನೆಗೆ ಕಳಿಸದಿದ್ದದ್ದು ಹಳೆಯ ಋಣಕ್ಕೆ. ಹೊಸ ಬಾಟಲಿಗಳನ್ನು ಔನೆ ತಾನೇ ತುಂಬಿ ಕಳಿಸಿದಳು. ಮೂರು ವಾರ ಹಿಲ್ಯಾ ಗೇಟಿನ ಕುರ್ಚಿಯಲ್ಲಿ ಕೂತು, ಉತ್ತರ ಒಳ್ಳೆಯದೇ ಬರಲಪ್ಪ, ತೋಟದವರ ಹೊಟ್ಟೆ ತಣ್ಣಗಿರಲಿ ಎಂದು ದೇವರನ್ನು ಬೇಡಿದಳು. ಮನಸ್ಸಿಟ್ಟೇ ಬೇಡಿದಳು.

ಉತ್ತರ ಬಂತು. ವಿಷ ಮಿತಿಯ ಅರ್ಧಕ್ಕಿಂತ ಕಡಿಮೆ. ತೋಟದ ಹೆಂಗಸರು ಗೇಟಿನೊಳಗೆ ನುಗ್ಗಿ, ನಾಲಗೆ ಹೊರಳಿಸಿ ಕೇಕೆ ಹಾಕುತ್ತಾ ಔನೆಯನ್ನು ಸುತ್ತುವರಿದು ಕುಣಿದರು. ಗೇಟು ತೆಗೆದವಳ ಕಡೆ ಯಾರೂ ತಿರುಗಲಿಲ್ಲ. ಹಿಲ್ಯಾಗೆ ಮತ್ತೆ ಹೊಟ್ಟೆ ಉರಿಯಿತು, ಮದುವೆಮನೆಯಲ್ಲಿ ಉರಿದದ್ದಕ್ಕಿಂತ ಹೆಚ್ಚಾಗಿಯೇ. ನೀರು ಮೊದಲ ಸಲವೂ ಇಷ್ಟೇ ಚೆನ್ನಾಗಿತ್ತು. ಅಂದು ಒಂದು ಚಿಟಿಕೆ ಹಾಕಿದ್ದರೆ ಈ ಕುಣಿತದ ನಡುವೆ ತಾನೂ ಇರುತ್ತಿದ್ದಳು.