ಬಿಳಿ ಹಲಗೆಯ ಸೊನ್ನೆ

ಬೀದಿಯವರು ಅತ್ತೆಗೆ ಇಟ್ಟಿದ್ದ ಹೆಸರು ಪಹರೆಯಮ್ಮ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ಕೆಲಸ ಬಿಟ್ಟರೂ ಕಣ್ಣು ಮಾತ್ರ ಡ್ಯೂಟಿ ಬಿಟ್ಟಿರಲಿಲ್ಲ. ಯಾರ ಮನೆಯ ಗೇಟು ಎಷ್ಟು ಹೊತ್ತಿಗೆ ತೆರೆಯಿತು, ಯಾವ ಮಗು ಕೆಮ್ಮುತ್ತಿದೆ, ಎದುರುಮನೆಯ ನಾಯಿ ಯಾವ ಕಾಲು ಕುಂಟುತ್ತಿದೆ, ಎಲ್ಲವೂ ಅವರಿಗೆ ಗೊತ್ತು. ಸೊಸೆ ಟೈಲರ್, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅವಳ ಗಂಡ ಲಾರಿ ಓಡಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಂದು, ಉಂಡು, ಮಲಗಿ, ಮತ್ತೆ ಹೊರಡುತ್ತಾನೆ. ಹಾಗಾಗಿ ಮನೆಯಲ್ಲಿ ಉಳಿಯುವುದು ಇವರಿಬ್ಬರೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಸಂಸಾರ. ಇವರಲ್ಲಿ ಯಾರು ಎತ್ತು, ಯಾರು ಕೋಣ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಹಿತ್ತಲಲ್ಲಿ ಒಂಬತ್ತು ಜೇನುಪೆಟ್ಟಿಗೆಗಳಿದ್ದವು. ಹನ್ನೊಂದು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಸೊಸೆಯ ಅಪ್ಪ ತಾವು ಸಾಕಿದ ಜೇನಿನ ಮೂರು ಪೆಟ್ಟಿಗೆ ತಂದಿಳಿಸಿ ಹೋಗಿದ್ದರು. ಅವೇ ಪಾಲಾಗಿ ಒಂಬತ್ತಾದವು. "ಸೊಸೆ ಒಬ್ಳೇ ಬರ್ತಾಳೆ ಅಂದ್ಕೊಂಡಿದ್ದೆ, ಐವತ್ತು ಸಾವಿರ ನೆಂಟರನ್ನೂ ಕರ್ಕೊಂಡು ಬಂದ್ಲು" ಎಂದು ಅತ್ತೆ ಅಂದು ಆಡಿದ ಮಾತು ಬೀದಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅವರದೆಂದು ಅವಳಿಗೆ ಉಳಿದದ್ದು ಈ ಜೇನು ಮಾತ್ರ. ಒಂದು ಪೆಟ್ಟಿಗೆ ಹೋದರೂ ಅಪ್ಪ ಇನ್ನೊಂದು ಸಲ ಸತ್ತಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಜೇನಿಗೆ ದೊಡ್ಡ ಶತ್ರು ವರೋವಾ ಎಂಬ ನುಸಿ. ಸಾಸಿವೆ ಕಾಳಿಗಿಂತ ಚಿಕ್ಕದು, ಕೆಂಗಂದು ಬಣ್ಣ. ಹುಳದ ಮೈಗೆ ಕಚ್ಚಿಕೊಂಡು ಅದರ ಸತ್ವ ಹೀರುತ್ತದೆ. ಮರಿ ಮಲಗಿರುವ ಕೋಣೆ ಮುಚ್ಚುವ ಮೊದಲೇ ಒಳಗೆ ನುಗ್ಗಿ ಅಲ್ಲೇ ಸಂಸಾರ ಹೂಡುತ್ತದೆ. ಹಾಗೆ ಬೆಳೆದ ಮರಿಯ ರೆಕ್ಕೆ ಎಷ್ಟೋ ಸಲ ಮುದುರಿಯೇ ಇರುತ್ತದೆ. ನುಸಿ ಎಷ್ಟಿದೆಯೆಂದು ತಿಳಿಯಲು ಪೆಟ್ಟಿಗೆಯ ಜಾಲರಿ ತಳದ ಕೆಳಗೆ ಬಿಳಿ ಹಲಗೆ ತೂರಿಸಿ, ಮೂರು ದಿನ ಬಿಟ್ಟು, ಉದುರಿದ್ದನ್ನು ಎಣಿಸಬೇಕು. ಉದುರಿದ್ದು ಅಂಟಿಕೊಳ್ಳಲೆಂದು ಹಲಗೆಗೆ ಎಣ್ಣೆ ಬಳಿಯಬೇಕು.

ಟೈಲರಮ್ಮ ಎಡವಿದ್ದು ಇಲ್ಲೇ. ಎಣ್ಣೆಯೆಂದರೆ ಅವಳಿಗೆ ಜೀವಭಯ. ಗಿರಾಕಿಯೊಬ್ಬಳ ಬಿಳಿ ರೇಷ್ಮೆಗೆ ಎಣ್ಣೆಯ ಬೆರಳಚ್ಚು ಬಿದ್ದು ಬೀದಿರಂಪವಾದಂದಿನಿಂದ, ಮೆಷಿನ್ನಿಗೆ ಎಣ್ಣೆ ಹಾಕಿದರೂ ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆಯುವವಳು. ಹಲಗೆಯನ್ನು ಒಣಬಟ್ಟೆಯಲ್ಲಿ ಒರೆಸಿ ಹಾಗೇ ಇಡುತ್ತಿದ್ದಳು. ಸತ್ತ ನುಸಿ ಎದ್ದು ಎಲ್ಲಿಗೆ ಹೋದೀತು ಎಂಬುದು ಅವಳ ವಾದ. ಮೊದಲೆಲ್ಲ ಐದು, ಏಳು, ನಾಲ್ಕು ಎಂದು ಲೆಕ್ಕ ಸಿಗುತ್ತಲೂ ಇತ್ತು. ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಒಂಬತ್ತೂ ಹಲಗೆಯಲ್ಲಿ ಸೊನ್ನೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೊನ್ನೆ ಬರೆದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಅತ್ತೆಗೆ ಆಗ ಎರಡು ತಿಂಗಳಿಂದ ಮಂಡಿನೋವು. ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಬೆಳಗಿನ ಬಿಸಿಲಿಗೆ ಕೂರುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೂಗಿದರು.

"ಬಾರೇ ಇಲ್ಲಿ. ನಿನ್ನ ನೆಂಟರು ಹಾರ್ತಾ ಇಲ್ಲ, ನೆಲದ ಮೇಲೆ ನಡೀತಾ ಇದಾರೆ."

"ಬಿಸಿಲಿಗೆ ಬಂದಿರ್ತಾವೆ ಬಿಡಿ ಅತ್ತೆ. ನುಸಿ ಸೊನ್ನೆ ಇದೆ."

"ವಾರ್ಡಲ್ಲೂ ಹೀಗೇನೇ. ಚಾರ್ಟ್ ನೋಡಿ ಜ್ವರ ಇಲ್ಲ ಅಂತಿದ್ರು, ಹಣೆ ಮುಟ್ಟಿದ್ರೆ ಕೈ ಸುಡೋದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ?"

"ಜೇನಿನ ವಿಷಯ ನಿಮಗೇನು ಗೊತ್ತು?" ಎಂದುಬಿಟ್ಟಳು ಸೊಸೆ.

ಅತ್ತೆ ಸುಮ್ಮನಾದರು. ಪಹರೆಯಮ್ಮ ಬಾಯಿ ಮುಚ್ಚಿದರೆ ಮಳೆ ಬರುತ್ತದೆ ಎನ್ನುತ್ತಾರೆ ಬೀದಿಯಲ್ಲಿ; ಅಂದು ಬರಲಿಲ್ಲ. ಅವರು ಕುರ್ಚಿಯನ್ನು ಪೆಟ್ಟಿಗೆಗಳ ಹತ್ತಿರಕ್ಕೇ ಎಳೆದುಕೊಂಡು ಮೂರು ದಿನ ನೋಡುತ್ತ ಕೂತರು.

ನಾಲ್ಕನೇ ದಿನ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದು, ಬಟ್ಟೆ ಕತ್ತರಿಸುತ್ತಿದ್ದ ಸೊಸೆಯ ಮುಂದೆ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂದು ಸತ್ತ ಇರುವೆ. ಅದು ಬಾಯಲ್ಲಿ ಇನ್ನೂ ಕಚ್ಚಿಕೊಂಡಿದ್ದದ್ದು ಒಂದು ನುಸಿ.

"ಹಲಗೆ ಅಂಚಲ್ಲಿ ಹಿಡಿದೆ. ನಿನ್ನ ಲೆಕ್ಕನೆಲ್ಲ ಇವು ಸಾಲಾಗಿ ಹೊತ್ಕೊಂಡು ಹೋಗ್ತಾ ಇದಾವೆ."

"ಇರುವೆ ಹೇಗೆ ಹತ್ತುತ್ತೆ ಅತ್ತೆ? ಸ್ಟ್ಯಾಂಡಿನ ಕಾಲಿಗೆಲ್ಲ ನೀರಿನ ಬಟ್ಟಲು ಇದೆಯಲ್ಲ?"

"ಬಟ್ಟಲಿದೆ. ನೀರು ಯಾರು ಹಾಕ್ತಿದ್ರು?"

ಒಂಬತ್ತು ಪೆಟ್ಟಿಗೆಗೆ ಮೂವತ್ತಾರು ಬಟ್ಟಲು. ತಾನು ತುಂಬಿದ್ದು ಸೊಸೆಗೆ ಒಂದು ಸಲವೂ ನೆನಪಾಗಲಿಲ್ಲ. ಯಾವಾಗ ನೋಡಿದರೂ ತುಂಬಿರುತ್ತಿದ್ದವು, ಅಷ್ಟೇ.

"ನೀವಾ?"

"ಮತ್ತೆ ನಿನ್ನ ಗಂಡನಾ? ನೀನು ಏಳೋ ಮೊದಲೇ ಒಂದು ಸುತ್ತು ಹಾಕ್ತಿದ್ದೆ. ಈಗ ಮಂಡಿ ಬಗ್ಗಲ್ಲ. ಇರುವೆ ಬಂದ್ರೆ ಒಂಚೂರು ತುಪ್ಪ ತಿಂದು ಹೋಗುತ್ತೆ ಅಂದ್ಕೊಂಡೆ."

ಸೊಸೆ ಕತ್ತರಿ ಇಟ್ಟು ಹಿತ್ತಲಿಗೆ ಓಡಿದಳು. ಮೊದಲ ಪೆಟ್ಟಿಗೆಯಲ್ಲಿ ರಾಣಿ ಇಲ್ಲದ ಚೌಕಟ್ಟೊಂದರಿಂದ ಅರ್ಧ ಲೋಟದಷ್ಟು ಹುಳ, ಎಂದರೆ ಸುಮಾರು ಮುನ್ನೂರನ್ನು, ಜಾಲರಿ ಮುಚ್ಚಳದ ಬಾಟಲಿಗೆ ತುಂಬಿಸಿ, ಸಕ್ಕರೆ ಪುಡಿ ಸುರಿದು ಉರುಳಾಡಿಸಿದಳು. ಪುಡಿ ಮೆತ್ತಿದರೆ ನುಸಿಯ ಹಿಡಿತ ತಪ್ಪುತ್ತದೆ. ಬಾಟಲಿ ಬೋರಲು ಹಾಕಿ ತಟ್ಟೆಯ ಮೇಲೆ ಅಲ್ಲಾಡಿಸಿ, ಉದುರಿದ ಪುಡಿಗೆ ನೀರು ಚಿಮುಕಿಸಿದಳು. ಸಕ್ಕರೆ ಕರಗಿ ನುಸಿ ಉಳಿಯಿತು. ಮುನ್ನೂರು ಹುಳಕ್ಕೆ ಒಂಬತ್ತು ನುಸಿ ದಾಟಿದರೆ ಅಪಾಯ, ಇದ್ದದ್ದು ಇಪ್ಪತ್ತೇಳು. ಹುಳಗಳು ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಾಗಿ ಪೆಟ್ಟಿಗೆಗೆ ಮರಳಿದವು. ಅವಳು ಒಳಗೆ ಹೋಗಿ ಫೋನ್ ಹಚ್ಚಿದಳು.

ಅವಳಿಗೆ ಸಾಕಣೆ ಕಲಿಸಿದ್ದ ಜೇನು ಮೇಷ್ಟ್ರು ಫೋನಿನಲ್ಲಿ ಹೇಳಿದ್ದಿಷ್ಟು: ತುಪ್ಪ ತೆಗೆದು ನುಸಿ ಕೊಲ್ಲುವ ಫಾರ್ಮಿಕ್ ಆಸಿಡ್ ಪಟ್ಟಿ ಇಡಬೇಕು, ಬಿಸಿಲು ಜೋರಿರುವ ವಾರ ಬೇಡ, ರಾಣಿ ಸತ್ತೀತು, ಆದರೂ ಎಲ್ಲ ಪೆಟ್ಟಿಗೆ ಉಳಿಯುತ್ತದೆಂದು ಮಾತು ಕೊಡಲಾರೆ.

ಮೋಡ ಕವಿದ ಒಂದು ಸಂಜೆ ಪಟ್ಟಿ ಇಟ್ಟರು. ಅತ್ತೆ ಪಕ್ಕದಲ್ಲಿ ಬಕೆಟ್ ನೀರು ಇರಿಸಿಕೊಂಡು ಕುರ್ಚಿಯಿಂದಲೇ ಹುಕುಂ ಚಲಾಯಿಸಿದರು. "ಗ್ಲೌಸ್ ಮೇಲಕ್ಕೆಳಿ. ಕನ್ನಡಕ ತೆಗೀಬೇಡ. ಗಾಳಿಗೆ ಬೆನ್ನು ಕೊಟ್ಟು ನಿಲ್ಲು."

"ಕೆಲವು ಇರುವೆ ಕಚ್ಚಿದಾಗ ಉರಿಸೋದೂ ಇದೇ ಆಸಿಡ್ ಅಂತೆ ಅತ್ತೆ."

"ಹಾಗಾದ್ರೆ ಕದ್ದೋರ ಮನೆಯಿಂದಲೇ ಮದ್ದು ಬಂತು ಅನ್ನು."

ಮರುದಿನ ಸೊಸೆ ಮೂವತ್ತಾರು ಬಟ್ಟಲಿಗೂ ನೀರು ತುಂಬಿದಳು. ಬರಿಗೈಯಿಂದ ಒಂಬತ್ತು ಹಲಗೆಗೂ ಎಣ್ಣೆ ಬಳಿದಳು. ಮೂರು ದಿನದಲ್ಲಿ ಹಲಗೆಗಳು ಕೆಂಗಂದು ಬಣ್ಣಕ್ಕೆ ತಿರುಗಿದವು. ಗೋಡೆ ಬದಿಯ ಪೆಟ್ಟಿಗೆ ಮಾತ್ರ ಉಳಿಯಲಿಲ್ಲ. ಖಾಲಿ ಚೌಕಟ್ಟು ಹಿಡಿದು ಅವಳು ಬಿಕ್ಕಳಿಸಿದಾಗ ಅತ್ತೆ ತಡೆಯಲಿಲ್ಲ.

"ಅತ್ತುಬಿಡು. ವಾರ್ಡಲ್ಲೂ ಎಲ್ಲರೂ ಉಳೀತಿರ್ಲಿಲ್ಲ. ಅತ್ತು ಮುಗಿಸಿ ಪಕ್ಕದ ಬೆಡ್ಡಿಗೆ ಹೋಗ್ತಿದ್ವಿ."

ಐದು ವಾರ ಕಳೆದು ಮತ್ತೆ ಸಕ್ಕರೆ ಪುಡಿಯ ಪರೀಕ್ಷೆ. ಏಳು ಪೆಟ್ಟಿಗೆಯಲ್ಲಿ ಭಯವಿರಲಿಲ್ಲ. ಕೊನೆಯದು ಆ ಇಪ್ಪತ್ತೇಳರ ಪೆಟ್ಟಿಗೆ. ಸೊಸೆಗೆ ತಟ್ಟೆ ನೋಡುವ ಧೈರ್ಯವೇ ಆಗಲಿಲ್ಲ. ತಂದು ಅತ್ತೆಯ ಕೈಗಿಟ್ಟಳು.

"ನೀವೇ ಎಣಿಸಿ."

ಅತ್ತೆ ಸೂಜಿಯ ಮೊನೆಯಲ್ಲಿ ನಿಧಾನವಾಗಿ ಹುಡುಕಿದರು. "ಎರಡು."

"ಸರಿಯಾಗಿ ನೋಡಿ."

"ಎರಡೇ ಕಣೇ. ನಿನ್ನ ಹುಳ ಬದುಕ್ತು."

"ಅಪ್ಪನ ಜೇನು ಉಳಿಸಿದ್ದು ನೀವು. ಅವತ್ತು ನಾನು ಹಾಗೆ ಮಾತಾಡಬಾರದಿತ್ತು. ಹನ್ನೊಂದು ವರ್ಷ ನೀರು ಹಾಕಿದೀರ, ಒಂದು ದಿನ ಹೇಳ್ಲಿಲ್ಲವಲ್ಲ."

"ಹೇಳೋದೇನಿದೆ? ಪೆಟ್ಟಿಗೆ ಇಳಿಸಿ ಹೋಗುವಾಗ ನಿಮ್ಮಪ್ಪ ನನ್ನ ಹತ್ರ ಬಂದು ಕೈ ಮುಗಿದ್ರು. ಮಗಳಿಗೆ ಕೆಲಸಕ್ಕೆ ಕೂತ್ರೆ ಮೈಮೇಲೆ ಎಚ್ಚರ ಇರಲ್ಲ, ಬಟ್ಟಲಿಗೆ ನೀರು ನೀವು ನೋಡ್ಕೊಳ್ಳಿ, ನನ್ನ ಮಗಳನ್ನೂ ನೋಡ್ಕೊಳ್ಳಿ ಅಂದ್ರು. ನೀರಿಂದು ಸುಲಭ ಇತ್ತು."

ಸೊಸೆ ನೆಲಕ್ಕೆ ಕೂತು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

"ಅಯ್ಯೋ, ಮಂಡಿ ಕಣೇ, ಮಂಡಿ!" ಎಂದು ಅತ್ತೆ ಕೂಗಿಕೊಂಡರು. ಅವಳು ಗಾಬರಿಯಾಗಿ ತಲೆ ಎತ್ತಹೋದರೆ, ಅತ್ತೆಯ ಕೈ ಅದನ್ನು ಮೇಲೇಳಲು ಬಿಡಲಿಲ್ಲ.