ಐವತ್ತೊಂದಕ್ಕೆ ಸಿಕ್ಕ ಉಪ್ಪಿನಕಾಯಿ ಅಧಿಕಾರ

ನನ್ನ ಮುಟ್ಟು ನಿಂತು ಒಂದು ವರ್ಷ ತುಂಬಿದ ಮೇಲೆ, ಒಂದು ಬೆಳಿಗ್ಗೆ ನಮ್ಮತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಮೂಲೆಯ ಕಪಾಟಿನ ಬಾಗಿಲು ತೆರೆದು, "ತಗಳಮ್ಮ, ಇನ್ಮೇಲೆ ಇದೆಲ್ಲ ನಿಂದೇ" ಅಂದರು. ಒಳಗಿದ್ದದ್ದು ಒಂಬತ್ತು ಪಿಂಗಾಣಿ ಜಾಡಿಗಳು. ಇದರಲ್ಲೇನಿದೆ ಮಹಾ ಎಂದು ನಿಮಗನಿಸಬಹುದು. ನನಗೆ ಕಣ್ಣಲ್ಲಿ ನೀರೇ ಬಂತು.

ಮದುವೆಯಾಗಿ ವಿದ್ಯಾರಣ್ಯಪುರಂನ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಹೊರಗಾದ ಹೆಂಗಸಿನ ಕೈ ತಾಗಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ನಮ್ಮತ್ತೆಯ ನಂಬಿಕೆ. ನನ್ನ ದಿನಗಳೋ ಹೇಳಿ ಕಳಿಸಿ ಬರುವಂಥವಲ್ಲ. ಹಾಗಾಗಿ ತಿಂಗಳಿಗೆ ಮೂರು ದಿನವಿದ್ದ ನಿಷೇಧ ಮೂವತ್ತು ದಿನಕ್ಕೂ ಹಬ್ಬಿತು. ಇಡೀ ಬೀದಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುವ ಕೈ, ಒಂದು ನಿಂಬೆ ಹೋಳಿಗೆ ಬೇಡವಾಯಿತು. ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಆಸೆ ಹೆಚ್ಚಿತ್ತು, ಯಾಕೆಂದರೆ ಅವರ ಉಪ್ಪಿನಕಾಯಿಗೆ ಅಂಥ ರುಚಿ.

ಅಧಿಕಾರ ಸಿಕ್ಕಿದ್ದೇ ತಡ, ನಾನು ದರ್ಬಾರು ಶುರುಮಾಡಿದೆ. ನಿಂಬೆ, ಮಾವು, ನೆಲ್ಲಿ ಎಲ್ಲ ಹಾಕಿದೆ. ತಾರಸಿ ತುಂಬ ಸಂಡಿಗೆ ಇಟ್ಟೆ, ಮಜ್ಜಿಗೆ ಮೆಣಸಿನಕಾಯಿ ಒಣಗಿಸಿದೆ. ದಿನಕ್ಕೆ ನಾಲ್ಕು ಸಲ ಜಾಡಿಯ ಬಟ್ಟೆ ಬಿಚ್ಚಿ, ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ಒಂದೊಂದು ಚಮಚ ನೆಕ್ಕುತ್ತಿದ್ದೆ. ಮಧ್ಯಾಹ್ನ ಬಿಸಿ ಅನ್ನಕ್ಕೆ ಉಪ್ಪಿನಕಾಯಿ ರಸ ಕಲಸಿಕೊಂಡರೆ ಸಾರು ಹುಳಿ ಯಾವುದೂ ಬೇಕಿರಲಿಲ್ಲ. ಮುಟ್ಟಿನ ಕಾಟ ಮುಗಿಯಿತು, ಇನ್ನು ಈ ಶರೀರಕ್ಕೆ ಪಿಂಚಣಿ ಎಂದೇ ಅತ್ತೆ, ನಾನು ಇಬ್ಬರೂ ತಿಳಿದಿದ್ದೆವು.

ಆರೇಳು ತಿಂಗಳಾಗುವಷ್ಟರಲ್ಲಿ ತಾರಸಿ ಮೆಟ್ಟಿಲು ಹತ್ತಿದರೆ ಏದುಸಿರು. ಮುಖ ಇದ್ದಕ್ಕಿದ್ದಂತೆ ಕಾದ ಕಾವಲಿಯಾಗಿ ಬೆವರು ಇಳಿಯುತ್ತಿತ್ತು. "ಆ ವಯಸ್ಸಿನ ಬಿಸಿ ಕಣಮ್ಮ, ನಂಗೂ ಅಂಗೇ ಆಗಿತ್ತು, ಮಜ್ಜಿಗೆ ಕುಡಿ" ಅಂದರು ಅತ್ತೆ. ನಾನು ಮಜ್ಜಿಗೆ ಕುಡಿದೆ, ಅದಕ್ಕೂ ಉಪ್ಪು ಹಾಕಿಕೊಂಡು.

ಆದರೆ ನನ್ನ ಹೆತ್ತ ತಾಯಿ ನೆನಪಾಗುತ್ತಿದ್ದರು. ಐವತ್ತಾರನೇ ವಯಸ್ಸಿನಲ್ಲಿ ಅವರಿಗೂ ಹೀಗೇ ಏದುಸಿರು, ಬೆವರು. ಒಂದು ದಿನ ಎದೆ ಉರಿ ಅಂದರು, ನಾವು ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟೆವು. ಅದು ಹೃದಯದ ತೊಂದರೆ ಎಂದು ತಿಳಿದದ್ದು ಅವರು ಹೋದ ಮೇಲೆ. ಈ ಮಾತನ್ನು ನಾನು ಡಿಗ್ರಿ ಓದುವ ಮಗಳ ಮುಂದೆ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅವಳು ಅವತ್ತೇ ನನ್ನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೊರಟಳು.

ಡಾಕ್ಟರಮ್ಮ ಬಿಪಿ ನೋಡಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಆಮೇಲೆ, "ಮುಟ್ಟು ನಿಂತು ಎಷ್ಟು ದಿನ ಆಯ್ತು?" ಅಂದರು.

ನನಗೆ ರೇಗಿತು. "ಏದುಸಿರಿಗೂ ಅದಕ್ಕೂ ಏನ್ ಸಂಬಂಧ ಡಾಕ್ಟ್ರೇ?"

"ಇದೆ ಕಣ್ರೀ. ಇಷ್ಟು ವರ್ಷ ಈಸ್ಟ್ರೊಜೆನ್ ಅನ್ನೋ ಹಾರ್ಮೋನು ನಿಮ್ಮ ರಕ್ತನಾಳಗಳನ್ನ ಮೆತ್ತಗೆ ಇಟ್ಟಿತ್ತು. ಮುಟ್ಟು ನಿಂತ್ಮೇಲೆ ಅದು ಕಮ್ಮಿ ಆಗುತ್ತೆ. ನಾಳಗಳು ಬಿರುಸಾಗ್ತವೆ, ಕೆಟ್ಟ ಕೊಬ್ಬು ಏರುತ್ತೆ, ಬಿಪಿನೂ ಏರುತ್ತೆ. ಹೆಂಗಸರು ಹೃದಯ ನೋಡ್ಕೋಬೇಕಾದ ಕಾಲ ಇದೇ." ಹಾಗಂದವರು ಟೇಪ್ ಹಿಡಿದು ನನ್ನ ಸೊಂಟ ಅಳೆದರು. ಐವತ್ತು ದಾಟಿದ ಗಿರಾಕಿಗಳೆಲ್ಲ "ನಿಮ್ಮ ಟೇಪೇ ಸರಿಯಿಲ್ಲ" ಎಂದು ನನ್ನ ಮೇಲೆ ಹರಿಹಾಯುವುದು ಯಾಕೆಂದು ಆಗ ಗೊತ್ತಾಯಿತು. ಸೊಂಟದಲ್ಲಿ ಕೊಬ್ಬು ಕೂರುವುದೂ ಇದೇ ಕಾಲದಲ್ಲಂತೆ.

ರಕ್ತಪರೀಕ್ಷೆ, ಇಸಿಜಿ ಎರಡೂ ಆದವು. ಹೃದಯ ಸದ್ಯಕ್ಕೆ ಗಟ್ಟಿಯಿತ್ತು, ಬಿಪಿಯದ್ದೇ ಹಾರಾಟ. ಒಂದು ಮಾತ್ರೆ, ದಿನಾ ನಡಿಗೆ. ಉಪ್ಪಿನಕಾಯಿ ಎಷ್ಟು ತಿನ್ನುತ್ತೀರಿ ಎಂದು ಕೇಳಿದಾಗ ನಾನು ಸುಳ್ಳು ಹೇಳಲು ಬಾಯಿ ತೆರೆದೆ, ಮಗಳು ನಿಜ ಹೇಳಿಬಿಟ್ಟಳು. "ಹಾಕಿ, ಎಲ್ಲರಿಗೂ ಬಡಿಸಿ, ನೀವು ಮಾತ್ರ ಬಾಯಿಗಿಡಬೇಡಿ" ಅಂದರು ಡಾಕ್ಟರಮ್ಮ.

ದಾರಿಯುದ್ದಕ್ಕೂ ಮಗಳನ್ನು ಬೈದೆ. ಇಪ್ಪತ್ತಾರು ವರ್ಷ ಕಾದು ಪಡೆದ ಅಧಿಕಾರ ವರ್ಷ ತುಂಬುವ ಮೊದಲೇ ಹೋಯಿತಲ್ಲ! ಆದರೆ ಅತ್ತೆ ನನ್ನ ತಾಯಿಯ ಮಣ್ಣಿಗೆ ಬಂದಿದ್ದವರು. ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತು, "ನಡಿ, ಪಾರ್ಕು ಸುತ್ತಿ ಬರೋಣ, ನಂಗೂ ಕಾಲಾಡ್ತದೆ" ಅಂದರು. ಎಪ್ಪತ್ತಾರರ ಅವರು ಮುಂದೆ, ನಾನು ಹಿಂದೆ. ಮೂರು ತಿಂಗಳಲ್ಲಿ ಬಿಪಿ ಹಿಡಿತಕ್ಕೆ ಬಂತು. ಸಂತೋಷಕ್ಕೆ ಡಾಕ್ಟರಮ್ಮನಿಗೆ ಒಂದು ರವಿಕೆ ಹೊಲಿದುಕೊಟ್ಟೆ.

ಮಾವಿನಕಾಯಿ ಕಾಲ ಬಂದಾಗ ನಿಜವಾದ ಪೇಚಿಗೆ ಸಿಕ್ಕಿಕೊಂಡೆವು. ಹೋಳು ಹೆಚ್ಚಿ, ಖಾರ, ಸಾಸಿವೆ, ಕಲ್ಲುಪ್ಪು ಎಲ್ಲ ದೊಡ್ಡ ಬೇಸಿನ್ನಿನಲ್ಲಿ ಬೆರೆಸಿಯಾಗಿತ್ತು. ರುಚಿ ನೋಡುವವರು ಯಾರು? ಅತ್ತೆಯ ನಾಲಿಗೆಗೆ ಈಚೆಗೆ ಉಪ್ಪು ತಿಳಿಯುವುದಿಲ್ಲ. ನಮ್ಮ ಯಜಮಾನರಿಗೆ ಏನು ಕೊಟ್ಟರೂ "ಚೆನ್ನಾಗಿದೆ" ಅನ್ನುತ್ತಾರೆ, ಇಬ್ಬರು ಹೆಂಗಸರ ನಡುವೆ ಬಾಳಿ ಕಲಿತ ಜಾಣತನ. ನಾನು, "ಒಂದೇ ಚಿಟಿಕೆ ಅತ್ತೆ" ಎಂದು ಕೈ ಚಾಚಿದೆ. ನನ್ನ ಒಂದು ಚಿಟಿಕೆಯ ಅಳತೆ ಬಲ್ಲ ಅತ್ತೆ ಕೈಗೆ ಪಟ್ಟನೆ ಹೊಡೆದು, ಮೊಮ್ಮಗಳನ್ನು ಕೂಗಿದರು.

ಅವಳು ಬಾಗಿಲಲ್ಲೇ ನಿಂತಳು. "ಅಜ್ಜಿ, ನಾನು ಹೊರಗಾಗಿದೀನಿ. ಎರಡನೇ ದಿನ."

ಅತ್ತೆ ಒಂದು ಗಳಿಗೆ ಬೇಸಿನ್ನನ್ನೇ ನೋಡಿದರು. ಆಮೇಲೆ, "ಕೈ ತೊಳ್ಕಂಡು ಬಾ" ಅಂದರು.

ಮಗಳು ಒಂದು ಹೋಳು ಬಾಯಿಗಿಟ್ಟು, "ಉಪ್ಪು ಸಾಲ್ದು" ಅಂದಳು. "ಎಷ್ಟು ಬೇಕೋ ನೀನೇ ಹಾಕು, ನೀನೇ ಕಲಸು" ಅಂದರು ಅತ್ತೆ. ಅವಳು ಮೊಣಕೈವರೆಗೂ ಕೈ ಹಾಕಿ ಕಲಸುತ್ತಾ, ಬೇಕೆಂದೇ ಕೆಣಕಿದಳು. "ಕೆಟ್ಟೋದ್ರೆ ನನ್ನನ್ನ ಬಯ್ಬೇಡ ಅಜ್ಜಿ."

"ಕೆಟ್ರೆ ಚೆಲ್ಬುಟ್ಟು ಬೇರೆ ಹಾಕಣ ಬುಡು" ಅಂದರು ಅತ್ತೆ. "ನಿಮ್ಮಮ್ಮಂಗೆ ಏನಾರ ಆದ್ರೆ ನಾನು ಎಂಗಿರ್ಲಿ?"

ನನ್ನ ಕಡೆ ತಿರುಗಿ ಸಹ ನೋಡದೆ ಹೇಳಿದ್ದರು. ಈ ಮನೆಗೆ ಬಂದಾಗಿನಿಂದ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.