ಈಶ್ವರಪ್ರಸಾದರ ಏಕೈಕ ತಿದ್ದುಪಡಿ

ಗಡಿನಾಡಿನ ವಿದ್ಯಾನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಮಲಯಾಳದ ಸುತ್ತೋಲೆಗಳನ್ನು ಕನ್ನಡಕ್ಕೆ ತರುವುದು ಈಶ್ವರಪ್ರಸಾದರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಅವರ ಒಂದು ಅನುವಾದಕ್ಕೂ ತಿದ್ದುಪಡಿ ಹೊರಟದ್ದಿಲ್ಲ. ನಿವೃತ್ತಿ ಬರುವ ಮಾರ್ಚಿನಲ್ಲಿ. ಬೀಳ್ಕೊಡುಗೆಯಲ್ಲಿ ಹೇಳಲೆಂದು ‘ಒಂದೂ ತಿದ್ದುಪಡಿಯಿಲ್ಲದೆ ಇಪ್ಪತ್ತಾರು ವರ್ಷ’ ಎಂಬ ವಾಕ್ಯವನ್ನು ನವೆಂಬರಿನಲ್ಲೇ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದರು.

ಎರಡೂ ಭಾಷೆಯಲ್ಲಿ ಒಂದೇ ತರಹ ಕಾಣುವ ಪದವನ್ನು ನಂಬಬಾರದು ಎಂಬುದು ಅವರ ಸಿದ್ಧಾಂತ. ಮಲಯಾಳದಲ್ಲಿ ‘ಅವಸರ’ ಎಂದರೆ ಅವಕಾಶ. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ‘ಉದ್ಯೋಗದ ಅವಸರ’ ಎಂದೇ ಬರೆದು ನಿರುದ್ಯೋಗಿಗಳನ್ನು ಓಡಿಸಿದ್ದ ಕತೆಯನ್ನು ಹೊಸಬರಿಗೆಲ್ಲ ಹೇಳುತ್ತಿದ್ದರು.

ಅದು 2017. ತಿರುವನಂತಪುರದಿಂದ ಒಂದು ಸುತ್ತೋಲೆ ಬಂತು. ರಾಜ್ಯ ಸರ್ಕಾರ ವರ್ಷಕ್ಕೆ ಎತ್ತುವ ಸಾಲಕ್ಕೆ ಕಾನೂನಿನ ಮಿತಿ ಉಂಟು, ರಾಜ್ಯದ ಉತ್ಪನ್ನದ ಶೇಕಡಾ ಮೂರು; ಅದು ಮುಟ್ಟುತ್ತ ಬಂದದ್ದರಿಂದ ಖಜಾನೆಯಲ್ಲಿ ಬಿಲ್ಲುಗಳು ಸದ್ಯ ಪಾಸಾಗುವುದಿಲ್ಲ ಎಂಬುದು ಸಾರಾಂಶ. ಅದರಲ್ಲಿ ‘ಕಡಪರಿಧಿ’ ಎಂಬ ಪದವಿತ್ತು; ಪರಿಧಿ ಎಂದರೆ ಮಿತಿ. ಕನ್ನಡದಲ್ಲಿ ಕಡ ಎಂದರೆ ಸಾಲ. ಹಾಗೆಂದೇ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಈಶ್ವರಪ್ರಸಾದರು ಅಷ್ಟು ಸುಲಭಕ್ಕೆ ಬೀಳುವವರಲ್ಲ. ಮಲಯಾಳದಲ್ಲಿ ಕಡ ಎಂದರೆ ಅಂಗಡಿ! ‘ಅಂಗಡಿಗಳ ಮಿತಿಯು ಶೇಕಡಾ ಮೂರನ್ನು ಮೀರತಕ್ಕದ್ದಲ್ಲ’ ಎಂದು ಬರೆದು ಬೋರ್ಡಿಗೆ ಅಂಟಿಸಿದರು. ಉಳಿದ ಸಾಲುಗಳು ಇದಕ್ಕೆ ಹೊಂದುತ್ತಿರಲಿಲ್ಲ. ಸುತ್ತೋಲೆಯ ಸಾಲುಗಳು ಒಂದಕ್ಕೊಂದು ಹೊಂದಬೇಕೆಂಬ ಆಸೆಯನ್ನು ಅವರು ಸೇವೆಯ ಮೊದಲ ವರ್ಷವೇ ಬಿಟ್ಟಿದ್ದರು.

ಮರುದಿನ, ಎದುರಿಗೆ ಚಹಾ ಮತ್ತು ಕಾಗದ-ಪೆನ್ನಿನ ಅಂಗಡಿ ಇಟ್ಟಿದ್ದ ಅಬ್ದುಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಸಾರೇ, ಇದೆಂತದು? ನೂರರಲ್ಲಿ ಮೂರೇ ಅಂಗಡಿಯಾ? ಆ ಮೂರರಲ್ಲಿ ನಂದುಂಟಾ?”

“ಸರ್ಕಾರದ ತೀರ್ಮಾನ ಮಾರಾಯ್ರೆ. ನಾನೆಂತ ಮಾಡ್ಲಿ?”

“ಮಲಯಾಳದ್ದು ಕೊಡಿ, ನೋಡುವ.”

ಓದಿದ ಅಬ್ದುಲ್ಲರಿಗೆ ನಗು ತಡೆಯಲಿಲ್ಲ. “ಇದು ಕಡ ಅಲ್ಲ ಸಾರೇ, ಕಡಂ. ಪರಿಧಿ ಸೇರಿದ ಕೂಡಲೇ ಅದರ ಬಾಲ ಬಿದ್ದುಹೋಯ್ತು. ಕಡಂ ಅಂದ್ರೆ ನನ್ನ ಅಂಗಡಿ ಅಲ್ಲ, ನನ್ನ ಅಂಗಡಿಯಲ್ಲಿ ನೀವು ಬರೆಸುವುದು.”

“ಸಾಲವಾ?”

“ಮತ್ತೆಂತ! ಸರ್ಕಾರಕ್ಕಾದರೆ ಅದಕ್ಕೊಂದು ಮಿತಿ ಉಂಟು. ನಿಮಗೆ ಅದೂ ಇಲ್ಲ.”

ಈಶ್ವರಪ್ರಸಾದರ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. ಮೇಲಧಿಕಾರಿ ಮೋಹಿನಿಯವರ ಮೇಜಿನ ಬಳಿ ನಿಂತು ಮೆಲ್ಲನೆ ಕೇಳಿದರು: “ನೋಟೀಸನ್ನು ಸುಮ್ಮನೆ ಹರಿದು ತೆಗೆದರೆ ಸಾಕಲ್ಲ ಮೇಡಂ?”

“ಅದು ವಾಟ್ಸಾಪಿನಲ್ಲಿ ಗಡಿಯ ಕುಂಜತ್ತೂರು ದಾಟಿ ಆಯ್ತು. ತಿದ್ದುಪಡಿ ಹಾಕಿ. ಸಹಿ ನಿಮ್ಮದೇ.”

ಕಚೇರಿಯಲ್ಲಿ ಹಾಳೆ ಇರಲಿಲ್ಲ. ಕಾಗದ ಒದಗಿಸುವವನ ಬಿಲ್ಲು ಅದೇ ಮಿತಿಗೆ ಸಿಕ್ಕಿ ಖಜಾನೆಯಲ್ಲಿ ಕೂತಿತ್ತು. ಈಶ್ವರಪ್ರಸಾದರು ಅಬ್ದುಲ್ಲರ ಅಂಗಡಿಯಿಂದ ಒಂದು ಹಾಳೆ ತೆಗೆದುಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು, ‘ಅಂಗಡಿ ಎಂದಿರುವಲ್ಲಿ ಸಾಲ ಎಂದು ಓದಿಕೊಳ್ಳತಕ್ಕದ್ದು’ ಎಂದು ಬರೆದು ಸಹಿ ಹಾಕಿದರು.

“ಹಾಳೆಯ ಒಂದು ರೂಪಾಯಿ ಸಾರೇ?”

“ಬರೆದುಕೊಳ್ಳಿ.”

“ಕಡ ಅಂತ ಬರೀಲಾ, ಕಡಂ ಅಂತ ಬರೀಲಾ?”

ಈಶ್ವರಪ್ರಸಾದರು ಆಗಲೇ ಕಿಸೆಯಿಂದ ಭಾಷಣದ ಚೀಟಿ ತೆಗೆದು ‘ಒಂದೂ ತಿದ್ದುಪಡಿಯಿಲ್ಲದೆ’ ಎಂಬುದನ್ನು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ‘ಒಂದೇ ತಿದ್ದುಪಡಿಯೊಂದಿಗೆ’ ಎಂದು ಬರೆಯುತ್ತಿದ್ದರು.